ವೇದಿಕೆಯ ಕೀಬೋರ್ಡಿನಲ್ಲಿ ಪಿಯಾನೊ ನಾದ: ಪೇಟಿಯ ಬೆರಳಿಗೆ ಹೊಸ ಪಾಠ

ಮೂಡಲಗಿ: ಜಾತ್ರೆಯ ನಾಟಕವಿರಲಿ, ಮದುವೆಯ ಆರ್ಕೆಸ್ಟ್ರಾ ಇರಲಿ, ಮಠದ ಅಂಗಳದ ಭಜನೆಯಿರಲಿ, ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಲವು ವೇದಿಕೆಗಳಲ್ಲಿ ಇಂದು ಹಾರ್ಮೋನಿಯಂ ಪಕ್ಕದಲ್ಲಿ, ಕೆಲವೊಮ್ಮೆ ಅದರ ಜಾಗದಲ್ಲೇ, ವಿದ್ಯುನ್ಮಾನ ಕೀಬೋರ್ಡ್ ಬಂದು ಕುಳಿತಿದೆ. ಯಾವ ಕಂಪನಿಯದಾದರೂ ಜನರ ಬಾಯಲ್ಲಿ ಅದು ‘ಕ್ಯಾಸಿಯೊ’. ಕೊಳಲು, ಪಿಟೀಲು, ಶಹನಾಯಿ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಹೊತ್ತು ತರುವ ಈ ವಾದ್ಯದಲ್ಲಿ ಮೊದಲ ಸಂಖ್ಯೆ ಒತ್ತಿದರೆ ಸಾಮಾನ್ಯವಾಗಿ ಸಿಗುವುದು ಪಿಯಾನೊ. ವೇದಿಕೆಯಲ್ಲಿ ಹೆಚ್ಚು ಕೆಡುವ ನಾದವೂ ಅದೇ.

ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸಿದಾಗ ತುಂಬಿ ಬರುವ ಪಿಯಾನೊ, ಪೆಂಡಾಲಿನ ಸ್ಪೀಕರ್‌ನಲ್ಲಿ ಮಂಕಾಗಿ ಕೇಳಿಸುತ್ತದೆ. ಮಂಕುತನ ಹೋಗಲಾಡಿಸಲು ಟ್ರೆಬಲ್ ಏರಿಸಿದರೆ ತಗಡು ಬಡಿದಂತಾಗುತ್ತದೆ. ಇನ್ನಷ್ಟು ಏರಿಸಿದರೆ ಗಾಯಕರ ಮಾತೇ ಮುಚ್ಚಿಹೋಗುತ್ತದೆ. ‘ವಾದ್ಯ ಹಳೆಯದಾಯಿತು, ಹೊಸದು ಕೊಳ್ಳಬೇಕು’ ಎಂಬ ತೀರ್ಮಾನಕ್ಕೆ ಕಲಾವಿದರು ಬರುವುದು ಇಲ್ಲಿಯೇ. ಪಿಯಾನೊದಂತೆ ಭಾರವಾದ ಕೀಗಳಿರುವ 88 ಕೀಗಳ ವಾದ್ಯಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು. ಉತ್ತಮ ವೇದಿಕೆ ಪಿಯಾನೊ ಲಕ್ಷ ದಾಟುತ್ತದೆ. ಜಾತ್ರೆಯ ಸೀಜನ್ನಿನ ಗಳಿಕೆಯನ್ನೇ ನಂಬಿದ ಕಲಾವಿದನಿಗೆ ಇದು ಸಾಲದ ಬಾಬತ್ತು. ಆದರೆ ನಾದ ಕೆಡುವ ಕಾರಣಗಳಲ್ಲಿ ಹೆಚ್ಚಿನವು ವಾದ್ಯದ ವಯಸ್ಸಿಗೆ ಸಂಬಂಧಿಸಿದವಲ್ಲ. ಬೆರಳು, ತಂತಿ ಮತ್ತು ಮಿಕ್ಸರ್, ಈ ಮೂರು ಕಡೆ ನೋಡಿದರೆ ದುಡ್ಡು ಖರ್ಚಿಲ್ಲದೆ ಸರಿಪಡಿಸಬಹುದಾದದ್ದೇ ಬಹಳ.

ಪೇಟಿಯ ನಾಡು

ಈ ಭಾಗಕ್ಕೆ ಕೀಗಳ ಮೇಲೆ ಬೆರಳಾಡಿಸುವುದು ಹೊಸದಲ್ಲ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಕುಲಗೋಡ ಇರುವುದು ಇದೇ ಸೀಮೆಯಲ್ಲಿ. ಅದೇ ಪಾರಿಜಾತವನ್ನು ನಾಡಿನಾದ್ಯಂತ ಹೆಸರಾಗಿಸಿದ ಕೌಜಲಗಿ ನಿಂಗಮ್ಮನ ಕೌಜಲಗಿಯೂ ಇಲ್ಲಿಯದೇ. ಪಾರಿಜಾತದ ಹಿಮ್ಮೇಳದಲ್ಲಿ ಹಾರ್ಮೋನಿಯಂಗೆ, ಅಂದರೆ ಉತ್ತರ ಕರ್ನಾಟಕದ ಮಾತಿನ ‘ಪೇಟಿ’ಗೆ, ಖಾಯಂ ಸ್ಥಾನವಿದೆ. ಬೆಳಗಾವಿ ಜಿಲ್ಲೆಯವರೇ ಆದ ಏಣಗಿ ಬಾಳಪ್ಪ (1914-2017) ಅವರಂಥವರು ಕಟ್ಟಿ ನಡೆಸಿದ ವೃತ್ತಿನಾಟಕ ಕಂಪನಿಗಳಲ್ಲಿ ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ ರಂಗದ ಮುಂದೆಯೇ ಇರುತ್ತಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು (1914-2010) ಬೆಳೆಸಿದ ಶಿಷ್ಯ ಪರಂಪರೆಯೂ ಹಳ್ಳಿ ಹಳ್ಳಿಗೆ ಪೇಟಿ ವಾದಕರನ್ನು ಕೊಟ್ಟಿದೆ.

ಹೀಗಾಗಿ ಇಲ್ಲಿ ಕೀಬೋರ್ಡ್ ಮುಂದೆ ಕೂರುವ ಬಹುತೇಕ ಬೆರಳುಗಳು ಮೊದಲು ಪಳಗಿದ್ದು ಪೇಟಿಯ ಮೇಲೆ. ಎರಡೂ ವಾದ್ಯಗಳ ಕಪ್ಪು, ಬಿಳಿ ಕೀಗಳ ಜೋಡಣೆ ಒಂದೇ. ಆದರೆ ಕೀ ಒತ್ತಿದ ಮೇಲೆ ನಡೆಯುವ ಕ್ರಿಯೆ ಸಂಪೂರ್ಣ ಬೇರೆ. ಪಿಯಾನೊ ನಾದದ ತೊಡಕಿಗೆ ಮೊದಲ ಕಾರಣ ಈ ವ್ಯತ್ಯಾಸದಲ್ಲಿದೆ.

ಗಾಳಿಯ ವಾದ್ಯ, ಸುತ್ತಿಗೆಯ ವಾದ್ಯ

ಹಾರ್ಮೋನಿಯಂನಲ್ಲಿ ಕೀ ಎಂದರೆ ಒಂದು ಬಾಗಿಲು. ಅದನ್ನು ಒತ್ತಿದರೆ ಗಾಳಿ ಹರಿದು ಲೋಹದ ರೀಡ್ ಕಂಪಿಸುತ್ತದೆ. ಮೆಲ್ಲಗೆ ಒತ್ತಿದರೂ ಗಟ್ಟಿಯಾಗಿ ಒತ್ತಿದರೂ ಸದ್ದು ಅಷ್ಟೇ. ಏರಿಳಿತವನ್ನು ನಿರ್ಧರಿಸುವುದು ಬಾತಿಯನ್ನು ಒತ್ತುವ ಕೈ. ಗಾಳಿ ಇರುವವರೆಗೆ ಸ್ವರ ನಿಲ್ಲುತ್ತದೆ. ಆದ್ದರಿಂದ ಒಳ್ಳೆಯ ಪೇಟಿ ವಾದಕನ ಬೆರಳು ಹಗುರವಾಗಿರುತ್ತದೆ, ಕೀಯಿಂದ ಕೀಗೆ ಜಾರುತ್ತದೆ.

ಪಿಯಾನೊ ಹಾಗಲ್ಲ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1700ರ ಆಸುಪಾಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ರೂಪಿಸಿದ ಈ ವಾದ್ಯದಲ್ಲಿ ಕೀ ಒತ್ತಿದಾಗ ಒಳಗಿನ ಪುಟ್ಟ ಸುತ್ತಿಗೆಯೊಂದು ಹಾರಿ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಇಂದಿನ ಪಿಯಾನೊದಲ್ಲಿ 88 ಕೀಗಳು, ಸುಮಾರು 230 ತಂತಿಗಳು. ತೀರ ಕೆಳಗಿನ ಸ್ವರಗಳಿಗೆ ಒಂದೊಂದು ತಂತಿ, ಮೇಲೇರಿದಂತೆ ಎರಡು, ಆಮೇಲೆ ಮೂರು. ಕಡೆಯ ಎಡಗೀಯ ಕಂಪನ ಸೆಕೆಂಡಿಗೆ 27.5 ಬಾರಿ, ಕಡೆಯ ಬಲಗೀಯದು ಸುಮಾರು 4,186 ಬಾರಿ.

ಹೊಳಪಿನ ಗುಟ್ಟು ಇರುವುದು ಸುತ್ತಿಗೆಯ ಮೂತಿಗೆ ಸುತ್ತಿದ ಉಣ್ಣೆಯ ಹೊದಿಕೆಯಲ್ಲಿ. ಮೆಲ್ಲಗೆ ಬಡಿದರೆ ಈ ಉಣ್ಣೆ ಮೆತ್ತಗೆ ತಾಕಿ, ತುಸು ಹೊತ್ತು ತಂತಿಯನ್ನು ಅಂಟಿಕೊಂಡು, ಮೇಲಿನ ಸೂಕ್ಷ್ಮ ಕಂಪನಗಳನ್ನು ತಾನೇ ನುಂಗಿಬಿಡುತ್ತದೆ. ಆಗ ನಾದ ದುಂಡಗೆ, ಮಂದವಾಗಿ ಬರುತ್ತದೆ. ಜೋರಾಗಿ ಬಡಿದರೆ ಉಣ್ಣೆ ಒತ್ತಿಕೊಂಡು ಗಟ್ಟಿಯಾಗುತ್ತದೆ, ತಂತಿಯನ್ನು ಬೇಗ ಬಿಡುತ್ತದೆ, ಮೇಲಿನ ಕಂಪನಗಳೆಲ್ಲ ಹೊರಬಂದು ನಾದ ಹೊಳೆಯುತ್ತದೆ. ಅಂದರೆ ಪಿಯಾನೊದಲ್ಲಿ ಜೋರು ಹೊಡೆತವೆಂದರೆ ಹೆಚ್ಚಿದ ಸದ್ದು ಮಾತ್ರವಲ್ಲ, ಬದಲಾದ ಬಣ್ಣವೂ ಹೌದು.

ಚಿಪ್ಪಿನೊಳಗಿನ ಪದರಗಳು

ಡಿಜಿಟಲ್ ಕೀಬೋರ್ಡಿನಲ್ಲಿ ತಂತಿಯೂ ಇಲ್ಲ, ಸುತ್ತಿಗೆಯೂ ಇಲ್ಲ. ನಿಜವಾದ ಪಿಯಾನೊದ ಸ್ವರಗಳನ್ನು ಧ್ವನಿಮುದ್ರಿಸಿ ಸ್ಮೃತಿಚಿಪ್ಪಿನಲ್ಲಿ ತುಂಬಿಡುವುದು ಹೆಚ್ಚು ಬಳಕೆಯಲ್ಲಿರುವ ವಿಧಾನ. ಈ ಮುದ್ರಿತ ತುಣುಕಿಗೆ ಸ್ಯಾಂಪಲ್ ಎನ್ನುತ್ತಾರೆ. 1984ರಲ್ಲಿ ಬಂದ ಕುರ್ಜ್‌ವೈಲ್ ಕಂಪನಿಯ ಕೆ-250 ಈ ಬಗೆಯ ಪಿಯಾನೊ ನಾದಕ್ಕೆ ಹೆಸರಾದ ಆರಂಭದ ವಾದ್ಯಗಳಲ್ಲೊಂದು. ಮುದ್ರಣವನ್ನು ಬಿಟ್ಟು ತಂತಿ, ಸುತ್ತಿಗೆಗಳ ವರ್ತನೆಯನ್ನೇ ಗಣಿತದಿಂದ ಕಟ್ಟುವ ವಿಧಾನವೂ ಇದೆ. 2009ರ ರೋಲ್ಯಾಂಡ್ ವಿ-ಪಿಯಾನೊ ಇದಕ್ಕೆ ಉದಾಹರಣೆ.

ಸ್ಯಾಂಪಲ್ ವಿಧಾನದಲ್ಲಿ ಒಂದೇ ಸ್ವರವನ್ನು ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ನುಡಿಸಿ ಬೇರೆ ಬೇರೆ ಪದರಗಳಾಗಿ ಇಟ್ಟಿರುತ್ತಾರೆ. ಬೆರಳು ಕೀಯನ್ನು ಎಷ್ಟು ವೇಗವಾಗಿ ಕೆಳಗಿಳಿಸಿತು ಎಂಬುದನ್ನು ವಾದ್ಯ ಅಳೆಯುತ್ತದೆ. 1983ರಲ್ಲಿ ಜಾರಿಗೆ ಬಂದ ಮಿಡಿ ಎಂಬ ಜಾಗತಿಕ ಮಾನದಂಡದಲ್ಲಿ ಈ ವೇಗಕ್ಕೆ 1ರಿಂದ 127ರವರೆಗೆ ಅಂಕ. ಅಂಕ ಕಡಿಮೆಯಿದ್ದರೆ ಮಂದ ಪದರ, ಹೆಚ್ಚಿದ್ದರೆ ಹೊಳಪಿನ ಪದರ ಹೊರಬರುತ್ತದೆ.

ಪೇಟಿಯಲ್ಲಿ ಪಳಗಿದ ಹಗುರ ಬೆರಳು ಈ ಅಳತೆಯಲ್ಲಿ ಸದಾ ಕೆಳಗಿನ ಅಂಕಗಳಲ್ಲೇ ಸುಳಿಯುತ್ತದೆ. ಕಂಪನಿಯವರು ಜೋಪಾನವಾಗಿ ಮುದ್ರಿಸಿಟ್ಟ ಹೊಳಪಿನ ಪದರ ಚಿಪ್ಪಿನಲ್ಲೇ ಉಳಿಯುತ್ತದೆ. ಹೊರಬಂದ ಮಂದ ಪದರಕ್ಕೆ ವಾಲ್ಯೂಮ್, ಟ್ರೆಬಲ್ ಏರಿಸಿದರೆ ಮಂಕು ಸದ್ದು ದೊಡ್ಡದಾಗುತ್ತದೆಯೇ ಹೊರತು ಹೊಳೆಯುವುದಿಲ್ಲ. ಮುದ್ರಣದಲ್ಲಿ ಇಲ್ಲದ ಕಂಪನವನ್ನು ಟ್ರೆಬಲ್ ಗುಂಡಿ ಹುಟ್ಟಿಸಲಾರದು.

ಪರಿಹಾರ ‘ಟಚ್’ ಎಂಬ ಸೆಟ್ಟಿಂಗ್‌ನಲ್ಲಿದೆ. ಕೆಲವು ವಾದ್ಯಗಳಲ್ಲಿ ಇದರ ಹೆಸರು ವೆಲಾಸಿಟಿ ಕರ್ವ್. ಸಾಮಾನ್ಯವಾಗಿ ಲೈಟ್ ಅಥವಾ ಸಾಫ್ಟ್, ನಾರ್ಮಲ್, ಹೆವಿ ಅಥವಾ ಹಾರ್ಡ್, ಫಿಕ್ಸ್ಡ್ ಎಂಬ ಆಯ್ಕೆಗಳಿರುತ್ತವೆ. ಇಲ್ಲಿ ಹೆಸರು ದಾರಿ ತಪ್ಪಿಸುತ್ತದೆ. ‘ಸಾಫ್ಟ್’ ಎಂದರೆ ಮೆದು ನಾದವಲ್ಲ, ಮೆದು ಬೆರಳಿಗೂ ಜೋರು ನಾದ ಕೊಡುವ ವ್ಯವಸ್ಥೆ. ಪೇಟಿಯಿಂದ ಬಂದವರಿಗೆ ಹೊಂದುವುದು ಇದೇ. ‘ಫಿಕ್ಸ್ಡ್’ ಇಟ್ಟರೆ ಎಲ್ಲ ಸ್ವರವೂ ಒಂದೇ ಅಂಕದಲ್ಲಿ ಬಡಿಯುತ್ತದೆ. ಆರ್ಗನ್‌ಗೆ ಅದು ಸರಿ, ಪಿಯಾನೊಗೆ ಜೀವ ಹೋದಂತೆ. ಸೆಟ್ಟಿಂಗ್ ಬದಲಿಸಿದ ಬಳಿಕ ಒಂದೇ ಸ್ವರವನ್ನು ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗೆ ಹತ್ತು ಬಾರಿ ನುಡಿಸಿ, ಬಣ್ಣ ಎಲ್ಲಿ ಬದಲಾಗುತ್ತದೆ ಎಂದು ಕೇಳಬೇಕು. ಹಾಡಿನ ಹೆಚ್ಚಿನ ಭಾಗ ಮಧ್ಯದ ಪದರದಲ್ಲಿ ನಡೆದು, ಪಲ್ಲವಿಗೆ ಮರಳುವಾಗ ಮೇಲಿನ ಪದರ ಚಿಮ್ಮುವಂತಿದ್ದರೆ ಸೆಟ್ಟಿಂಗ್ ಸರಿಯಾಗಿದೆ ಎಂದರ್ಥ.

ಎರಡು ಕಿವಿಯ ನಾದ, ಒಂದು ತಂತಿಯ ದಾರಿ

ಹೆಡ್‌ಫೋನ್‌ನಲ್ಲಿ ಚೆಂದ, ಪೆಂಡಾಲಿನಲ್ಲಿ ಪೊಳ್ಳು ಎಂಬ ದೂರಿಗೆ ಇನ್ನೊಂದು ಕಾರಣವಿದೆ. ಕೀಬೋರ್ಡಿನ ಪಿಯಾನೊ ಬಹುತೇಕ ಸ್ಟೀರಿಯೊ. ಮೂಲ ಪಿಯಾನೊದ ಮುಂದೆ ಎರಡು ಮೈಕ್ ಇಟ್ಟು, ಎಡಕ್ಕೊಂದು ಬಲಕ್ಕೊಂದು ಎಂದು ಮುದ್ರಿಸಿದ್ದು. ನಮ್ಮ ಜಾತ್ರೆ, ಮದುವೆಗಳ ಧ್ವನಿವರ್ಧಕ ವ್ಯವಸ್ಥೆ ಸಾಮಾನ್ಯವಾಗಿ ಮೊನೊ, ಅಂದರೆ ಎಲ್ಲ ಸ್ಪೀಕರ್‌ಗೂ ಒಂದೇ ಸಂಕೇತ.

ಕೆರೆಗೆ ಎರಡು ಕಲ್ಲು ಎಸೆದರೆ ಅಲೆಗಳು ಸೇರುವ ಕಡೆ ಕೆಲವು ಎತ್ತರವಾಗುತ್ತವೆ, ಕೆಲವು ಒಂದನ್ನೊಂದು ಅಳಿಸುತ್ತವೆ. ಎಡ, ಬಲ ಮುದ್ರಣಗಳನ್ನು ಒಂದೇ ತಂತಿಗೆ ಸುರಿದಾಗಲೂ ಹೀಗೆಯೇ. ಒಂದೇ ಸ್ವರ ಎರಡು ಮೈಕ್‌ಗಳಿಗೆ ತುಸು ಹಿಂದೆಮುಂದೆ ತಲುಪಿರುವುದರಿಂದ ಕೆಲವು ಕಂಪನಗಳು ಅಳಿಸಿಹೋಗಿ ನಾದ ಸೊರಗುತ್ತದೆ.

ಇದಕ್ಕಿಂತ ದೊಡ್ಡ ಹಾನಿ ಮಾಡುವುದು ತಪ್ಪು ತಂತಿ. ಹೆಡ್‌ಫೋನ್ ರಂಧ್ರದಿಂದ ಸ್ಟೀರಿಯೊ ತಂತಿಯೊಂದನ್ನು ಎಳೆದು ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಚುಚ್ಚಿದರೆ, ಮಿಕ್ಸರ್ ಎಡದಿಂದ ಬಲವನ್ನು ಕಳೆದು ಉಳಿದದ್ದನ್ನು ಮಾತ್ರ ಕೊಡುತ್ತದೆ. ಎರಡೂ ಕಡೆ ಸಮಾನವಾಗಿದ್ದ ನಡುವಿನ ತಿರುಳು ಮಾಯವಾಗಿ, ಅಂಚಿನ ಗುಂಗು ಮಾತ್ರ ಕೇಳಿಸುತ್ತದೆ. ವಾದ್ಯ ಕೆಟ್ಟಿದೆ ಎಂದು ಭಾವಿಸಲು ಇಷ್ಟು ಸಾಕು.

ಸರಿಯಾದ ಕ್ರಮ ಸರಳ. ವಾದ್ಯದ ಹಿಂಬದಿಯಲ್ಲಿ ‘ಎಲ್/ಮೊನೊ’ ಎಂದು ಬರೆದ ಲೈನ್ ಔಟ್ ಇದ್ದರೆ ಒಂದೇ ಮೊನೊ ತಂತಿಯನ್ನು ಅದಕ್ಕೆ ಮಾತ್ರ ಚುಚ್ಚಬೇಕು. ‘ಆರ್’ ಎಂಬ ರಂಧ್ರಕ್ಕಷ್ಟೇ ಚುಚ್ಚಿದರೆ ಅರ್ಧ ಪಿಯಾನೊ ಮಾತ್ರ ಹೊರಬರುತ್ತದೆ. ನಾದಗಳ ಪಟ್ಟಿಯಲ್ಲಿ ‘ಮೊನೊ ಪಿಯಾನೊ’ ಎಂಬುದು ಇದ್ದರೆ ಅದನ್ನೇ ಆರಿಸಬೇಕು. ಇಂಥ ವೇದಿಕೆಗೆಂದೇ ಅದನ್ನು ಇಟ್ಟಿರುತ್ತಾರೆ. ಹೆಡ್‌ಫೋನ್‌ನಲ್ಲಿ ಅದು ಬಡವಾಗಿ ಕೇಳಿಸಿದರೂ ಮೈದಾನದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಹೆಡ್‌ಫೋನ್ ರಂಧ್ರ ಬಿಟ್ಟರೆ ಬೇರೆ ದಾರಿಯಿಲ್ಲದ ಚಿಕ್ಕ ವಾದ್ಯಗಳಿಗೆ, ಎಡ ಬಲವನ್ನು ಎರಡು ಪ್ರತ್ಯೇಕ ಪ್ಲಗ್‌ಗಳಾಗಿ ಒಡೆಯುವ ತಂತಿ ಬಳಸಿ, ಮಿಕ್ಸರಿನಲ್ಲಿ ಒಂದು ಕಡೆಯದನ್ನೇ ಮುಖ್ಯವಾಗಿ ಏರಿಸುವುದು ಒಳಿತು.

ಮಿಕ್ಸರಿನಲ್ಲಿ ಏರಿಸುವ ಮುನ್ನ ಇಳಿಸಿ

ಬೆರಳು, ತಂತಿ ಸರಿಯಾದ ಮೇಲೆ ಈಕ್ವಲೈಸರ್. ಇಲ್ಲಿ ಮೊದಲು ಮಾಡಬೇಕಾದದ್ದು ಕಡಿತ. ಪಿಯಾನೊದ ಮಂಕುತನ ಹೆಚ್ಚಾಗಿ 250ರಿಂದ 400 ಹರ್ಟ್ಸ್ ನಡುವೆ ತುಂಬಿಕೊಳ್ಳುತ್ತದೆ. ಆ ಭಾಗವನ್ನು 2ರಿಂದ 3 ಡೆಸಿಬಲ್ ಇಳಿಸಿದರೆ ಟ್ರೆಬಲ್ ಮುಟ್ಟದೆಯೇ ಸ್ಫುಟತೆ ಹೆಚ್ಚುತ್ತದೆ. 80ರಿಂದ 100 ಹರ್ಟ್ಸ್ ಕೆಳಗಿನದನ್ನು ತೆಗೆದುಹಾಕಬಹುದು; ಆ ಜಾಗ ಹೇಗೂ ಢೋಲಕ್, ಪ್ಯಾಡ್, ಬೇಸ್ ಗಿಟಾರ್‌ಗಳದ್ದು.

ಸುತ್ತಿಗೆಯ ಹೊಡೆತದ ಸ್ಪಷ್ಟತೆ ಇರುವುದು 2,000ದಿಂದ 5,000 ಹರ್ಟ್ಸ್ ವಲಯದಲ್ಲಿ. ಅಲ್ಲಿ 2 ಡೆಸಿಬಲ್ ಏರಿಸಿದರೆ ಸಾಕು. ಹಾಡುಗಾರರ ವ್ಯಂಜನಗಳು ಸ್ಪಷ್ಟವಾಗುವುದೂ ಬಹುಮಟ್ಟಿಗೆ ಇದೇ ವಲಯದಲ್ಲಿ ಎಂಬುದನ್ನು ಮರೆಯುವಂತಿಲ್ಲ. ಪಿಯಾನೊವನ್ನು ಇಲ್ಲಿ ಅತಿಯಾಗಿ ಏರಿಸಿದರೆ ರಾಗ ಕೇಳಿಸೀತು, ಸಾಹಿತ್ಯ ಕೇಳಿಸದು. ಕಹಳೆಯಾಕಾರದ ಹಳೆಯ ಲೌಡ್‌ಸ್ಪೀಕರ್‌ಗಳು ಸ್ವಭಾವತಃ ಈ ವಲಯವನ್ನೇ ಹೆಚ್ಚು ಒತ್ತಿ ಹೇಳುತ್ತವೆ, ಕೆಳಸ್ವರಗಳನ್ನು ಬಿಟ್ಟುಬಿಡುತ್ತವೆ. ಅವುಗಳಿಗೆ ಏರಿಕೆ ಬೇಡವೇ ಬೇಡ. ದೊಡ್ಡ ಬಾಕ್ಸ್‌ಗಳಲ್ಲಿ ಇದಕ್ಕೆ ವಿರುದ್ಧ, ಕೆಳಸ್ವರ ಮಿತಿಮೀರಿ ಪಿಯಾನೊ ಮುಳುಗುತ್ತದೆ. ಹೀಗಾಗಿ ಒಂದೂರಿನ ಸೆಟ್ಟಿಂಗ್ ಇನ್ನೊಂದೂರಿಗೆ ಹಾಗೆಯೇ ಹೊಂದುವುದಿಲ್ಲ.

ನುಡಿಸುವ ಸ್ಥಾಯಿಯೂ ಈಕ್ವಲೈಸರ್‌ನಷ್ಟೇ ಮುಖ್ಯ. ಬಲಗೈ ಸ್ವರಗುಚ್ಛವನ್ನು ಒಂದು ಸಪ್ತಕ ಮೇಲಕ್ಕೆ ಒಯ್ದರೆ, ಅಥವಾ ಮುಖ್ಯ ಸ್ವರವನ್ನು ಮೇಲಿನ ಸಪ್ತಕದಲ್ಲೂ ಜೊತೆಗೂಡಿಸಿದರೆ, ಯಾವ ಗುಂಡಿಯನ್ನೂ ಮುಟ್ಟದೆ ಹೊಳಪು ಬರುತ್ತದೆ. ಎಡಗೈಯಲ್ಲಿ ಕೆಳಸಪ್ತಕದ ಮೂರು ಸ್ವರಗಳನ್ನು ಒತ್ತೊತ್ತಾಗಿ ಹಿಡಿದರೆ ಎಂಥ ದುಬಾರಿ ವಾದ್ಯದಲ್ಲೂ ರಾಡಿಯೇ.

ಪೆಡಲ್, ಪಾಲಿಫನಿ, ಪ್ರತಿಧ್ವನಿ

ಪೇಟಿಯ ಸ್ವರ ಗಾಳಿ ಇರುವವರೆಗೆ ನಿಲ್ಲುತ್ತದೆ. ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಕರಗತೊಡಗುತ್ತದೆ. ಅದನ್ನು ಉಳಿಸುವುದು ಸಸ್ಟೇನ್ ಪೆಡಲ್. ಸ್ವರಗುಚ್ಛ ಬದಲಾದಾಗಲೆಲ್ಲ ಪೆಡಲ್ ಬಿಟ್ಟು ಮತ್ತೆ ಒತ್ತಬೇಕು. ಹಾಡು ಮುಗಿಯುವವರೆಗೆ ಒತ್ತಿಯೇ ಹಿಡಿದರೆ ಹಳೆಯ ಸ್ವರಗಳು ಹೊಸದರ ಮೇಲೆ ಬಿದ್ದು ಕಲಸುಮೇಲೋಗರವಾಗುತ್ತದೆ. ಪೆಡಲನ್ನು ಮೊದಲೇ ಜೋಡಿಸಿ, ಅದರ ಮೇಲೆ ಕಾಲಿಡದೆ ವಾದ್ಯದ ಸ್ವಿಚ್ ಹಾಕಬೇಕು. ಅನೇಕ ವಾದ್ಯಗಳು ಆ ಹೊತ್ತಿಗೆ ಪೆಡಲಿನ ಸ್ಥಿತಿ ಗುರುತಿಸಿಕೊಳ್ಳುವುದರಿಂದ, ಕಾಲಿಟ್ಟಿದ್ದರೆ ಒತ್ತಿದಾಗ ನಿಲ್ಲುವ, ಬಿಟ್ಟಾಗ ಮೊಳಗುವ ತಿರುವುಮುರುವು ಆದೀತು.

ಒಂದೇ ಬಾರಿಗೆ ಎಷ್ಟು ಧ್ವನಿ ಹೊರಡಿಸಬಲ್ಲದು ಎಂಬುದಕ್ಕೂ ವಾದ್ಯಕ್ಕೊಂದು ಮಿತಿ ಇದೆ. ಇದೇ ಪಾಲಿಫನಿ. ಸ್ಟೀರಿಯೊ ಪಿಯಾನೊದಲ್ಲಿ ಒಂದು ಸ್ವರ ಎರಡು ಧ್ವನಿಗಳನ್ನು ತಿನ್ನುವುದುಂಟು. ಆಗ 64ರ ವಾದ್ಯ 32ಕ್ಕೆ ಇಳಿದಂತೆ. ಜೊತೆಗೆ ಪಿಟೀಲು ಸಮೂಹ ಸೇರಿಸಿ, ತಾಳವನ್ನೂ ಓಡಿಸಿ, ಪೆಡಲ್ ಒತ್ತಿದರೆ ಮೊದಲು ನುಡಿಸಿದ ಸ್ವರಗಳು ಕತ್ತರಿಸಿದಂತೆ ಉದುರುತ್ತವೆ. ಮೊನೊ ಪಿಯಾನೊ ಆರಿಸುವುದರ ಎರಡನೇ ಲಾಭ ಇಲ್ಲಿದೆ.

ಪ್ರತಿಧ್ವನಿಯ, ಅಂದರೆ ರಿವರ್ಬ್‌ನ ವಿಷಯದಲ್ಲಿ ಜಾಗ ನೋಡಿ ನಡೆಯಬೇಕು. ಬಯಲಿನಲ್ಲಿ ಗೋಡೆಗಳಿಲ್ಲ, ಆದ್ದರಿಂದ ತುಸು ರಿವರ್ಬ್ ನಾದಕ್ಕೆ ಮೈ ತುಂಬುತ್ತದೆ. ಕಲ್ಯಾಣ ಮಂಟಪದ ಗೋಡೆ, ಹೆಂಚುನೆಲಗಳು ತಾವೇ ಪ್ರತಿಧ್ವನಿಸುತ್ತವೆ. ಅಲ್ಲಿ ವಾದ್ಯದ ರಿವರ್ಬ್ ಪೂರ್ತಿ ಆರಿಸುವುದೇ ಲೇಸು.

ಪೇಟಿಯೊಂದಿಗೆ ಶ್ರುತಿ

ಪೇಟಿ, ಕೀಬೋರ್ಡ್ ಎರಡೂ ಒಟ್ಟಿಗೆ ನುಡಿಯುವ ಮೇಳಗಳಲ್ಲಿ ಇನ್ನೊಂದು ತೊಂದರೆ ಉಂಟು. ಕೀಬೋರ್ಡ್ ಕಾರ್ಖಾನೆಯಿಂದ ಬರುವಾಗ ಮಧ್ಯದ ‘ಎ’ ಸ್ವರಕ್ಕೆ 440 ಹರ್ಟ್ಸ್ ಲೆಕ್ಕದಲ್ಲಿರುತ್ತದೆ. ಹಳೆಯ ಪೇಟಿಯ ರೀಡುಗಳು ಅದಕ್ಕೆ ಸರಿಯಾಗಿ ಇರಬೇಕೆಂದಿಲ್ಲ. ಒಂದು ವಾದ್ಯ 440ರಲ್ಲೂ ಇನ್ನೊಂದು 443ರಲ್ಲೂ ಇದ್ದರೆ, ಆ ಸ್ವರ ಸೆಕೆಂಡಿಗೆ ಮೂರು ಬಾರಿ ಅಲುಗಿದಂತೆ ಕೇಳಿಸುತ್ತದೆ; ಪಿಯಾನೊ ಅಪಸ್ವರವೆನಿಸುತ್ತದೆ. ರೀಡನ್ನು ವೇದಿಕೆಯಲ್ಲಿ ಕೆರೆಯಲಾಗದು. ಕೀಬೋರ್ಡಿನಲ್ಲಿ ‘ಟ್ಯೂನ್’ ಎಂಬ ಸೆಟ್ಟಿಂಗ್ ಇರುತ್ತದೆ. ಪೇಟಿಯ ಷಡ್ಜವನ್ನು ಹಿಡಿದು, ಅಲುಗಾಟ ನಿಲ್ಲುವವರೆಗೆ ಕೀಬೋರ್ಡನ್ನೇ ಏರಿಸಿ ಇಳಿಸಿ ಕೂಡಿಸಬೇಕು. ಗಾಯಕರ ಪಟ್ಟಿಗೆ ತಕ್ಕಂತೆ ಬಳಸುವ ‘ಟ್ರಾನ್ಸ್‌ಪೋಸ್’ ಬೇರೆ. ಅದು ಅರ್ಧ ಸ್ವರದ ಹೆಜ್ಜೆಯಲ್ಲಿ ಮಾತ್ರ ಸರಿಯುತ್ತದೆ.

ಅರ್ಥಿಂಗ್ ಪಿನ್ ಕೀಳಬೇಡಿ

ಸ್ಪೀಕರ್‌ನಲ್ಲಿ ಗುಂಯ್‌ಗುಡುವ ಸದ್ದು ಬಂದಾಗ ಪ್ಲಗ್ಗಿನ ಅರ್ಥಿಂಗ್ ಪಿನ್ ತೆಗೆದುಬಿಡುವ ರೂಢಿ ಅಲ್ಲಲ್ಲಿ ಇದೆ. ಇದು ಜೀವಕ್ಕೆ ಎರವಾಗುವ ಕೆಲಸ. ಜನರೇಟರ್, ಒದ್ದೆ ನೆಲ, ಲೋಹದ ಮೈಕ್ ಸ್ಟ್ಯಾಂಡ್ ಇರುವ ಕಡೆ ಅರ್ಥಿಂಗ್ ಇಲ್ಲದ ಉಪಕರಣದ ಸೋರಿಕೆ ಹಾಡುಗಾರರ ಮೈಗೇ ಹರಿದೀತು. ಗುಂಯ್‌ ಸದ್ದಿಗೆ ಮದ್ದು ಡಿಐ ಬಾಕ್ಸ್ ಎಂಬ ಚಿಕ್ಕ ಪೆಟ್ಟಿಗೆ. ಕೀಬೋರ್ಡ್ ಮತ್ತು ಮಿಕ್ಸರಿನ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಜೋಡಿಸಿ ಅದರ ‘ಗ್ರೌಂಡ್ ಲಿಫ್ಟ್’ ಸ್ವಿಚ್ ಒತ್ತಿದರೆ ಸದ್ದು ಸಾಮಾನ್ಯವಾಗಿ ಅಡಗುತ್ತದೆ, ಸುರಕ್ಷತೆಗೂ ಧಕ್ಕೆಯಿಲ್ಲ. ಹೊಸ ಕೀಬೋರ್ಡಿಗೆ ಹೋಲಿಸಿದರೆ ಇದರ ಬೆಲೆ ಅಲ್ಪ.

ಕೊಳ್ಳುವ ಮುನ್ನ

ಹೊಸ ವಾದ್ಯಕ್ಕೆ ಕೈ ಹಾಕುವ ಮೊದಲು ಇದೇ ಕ್ರಮದಲ್ಲಿ ಪರೀಕ್ಷಿಸಬಹುದು: ಟಚ್ ಸೆಟ್ಟಿಂಗ್, ಲೈನ್ ಔಟ್ ಮತ್ತು ತಂತಿ, ಮೊನೊ ಪಿಯಾನೊ, ರಿವರ್ಬ್, ಕೊನೆಗೆ ಈಕ್ವಲೈಸರ್. ಒಂದೊಂದನ್ನೇ ಬದಲಿಸಬೇಕು, ಎಲ್ಲವನ್ನೂ ಒಮ್ಮೆಲೇ ತಿರುಗಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯದು. ಕಾರ್ಯಕ್ರಮಕ್ಕೆ ಮುಂಚೆ ಜೊತೆಗಾರರೊಬ್ಬರು ಪ್ರೇಕ್ಷಕರ ಕೊನೆಯ ಸಾಲಿನಲ್ಲಿ ನಿಂತು ಕೇಳುವುದು ಅಗತ್ಯ. ಕಲಾವಿದರ ಪಕ್ಕದ ಮಾನಿಟರ್ ಹೇಳುವುದು ಒಂದು, ಮೈದಾನ ಕೇಳುವುದು ಇನ್ನೊಂದು.

ಇಷ್ಟಾದರೂ ನಾದ ಕೂಡದಿದ್ದರೆ ಆಗ ವಾದ್ಯದ ಮಿತಿಯನ್ನು ಒಪ್ಪಬೇಕು. ಬೆರಳಿನ ವೇಗವನ್ನೇ ಅಳೆಯದ ಅಗ್ಗದ ಕೀಬೋರ್ಡ್‌ನಲ್ಲಿ ಪಿಯಾನೊ ಎಂದಿಗೂ ಹುಟ್ಟದು. ಅಂಥವರು ಕೊಳ್ಳಲು ಹೋದಾಗ ನೂರಾರು ನಾದಗಳ ಪಟ್ಟಿಗೆ ಮರುಳಾಗದೆ, ಕೀಗಳ ಸ್ಪಂದನ, ಪಾಲಿಫನಿ, ಲೈನ್ ಔಟ್ ಈ ಮೂರನ್ನು ವಿಚಾರಿಸಬೇಕು. ಅಂಗಡಿಯಲ್ಲಿ ಹೆಡ್‌ಫೋನ್ ಬದಲು ಒಂದು ಮೊನೊ ಸ್ಪೀಕರ್‌ನಲ್ಲಿ ಕೇಳಬೇಕು.

ಪೇಟಿ ಕಲಿತವರಿಗೆ ಕೊನೆಗೊಂದು ಅನುಕೂಲವೂ ಇದೆ. ನಟ ಅಥವಾ ಗಾಯಕ ಬಾಯಿ ತೆರೆದಾಗ ಹಿಂದೆ ಸರಿದು, ಮಾತು ನಿಂತಾಗ ತುಂಬಿಕೊಡುವ ವಿದ್ಯೆ ಅವರಿಗೆ ಪಾರಿಜಾತ, ಕಂಪನಿ ನಾಟಕಗಳ ಕಾಲದಿಂದ ಬಂದದ್ದು. ಹಾಡಿನ ಪ್ರತಿ ಸ್ವರದ ಬೆನ್ನು ಹತ್ತುವ ಪೇಟಿಯ ಸಾಥ್ ಅನ್ನು ಪಿಯಾನೊದಲ್ಲಿ ಕೈಬಿಟ್ಟು, ಈ ಒಂದು ಗುಣವನ್ನು ಉಳಿಸಿಕೊಂಡರೆ, ಹೊಳಪಿನ ಪದರಕ್ಕೆ ಹೊರಬರಲು ಜಾಗವೂ ಸಿಗುತ್ತದೆ, ಪದದ ಸಾಹಿತ್ಯ ಕೊನೆಯ ಸಾಲಿಗೂ ಮುಟ್ಟುತ್ತದೆ.